ಗರಿಯ ನೊಣ

ಮೀನು ಹಿಡಿಯುವವರ ಸಹವಾಸದಲ್ಲಿ ನಾನು ನಾಲ್ಕು ದಿನ ಕಳೆದೆನೆಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಹುಟ್ಟಿನಿಂದ ಸಸ್ಯಾಹಾರಿ, ಮೂವತ್ತು ವರ್ಷ ಮಕ್ಕಳಿಗೆ ಸಂಧಿ ಸಮಾಸಗಳನ್ನು ಬಿಡಿಸಿ ತೋರಿಸಿದವನು, ಪಯಸ್ವಿನಿಯ ದಡದಲ್ಲಿ ಮನೆಯಿದ್ದೂ ಈಜು ಬಾರದವನು. ಅದಿರಲಿ, ಗಾಳದ ಕೋಲು ಕಣ್ಣಿಗೆ ಬಿದ್ದರೆ ಮುಖ ತಿರುಗಿಸಿ ಬೇಗಬೇಗ ನಡೆದುಬಿಡುವ ಒಂದು ಚಾಳಿಯೂ ನನಗುಂಟು. ಅದಕ್ಕೆ ಕಾರಣ ಸಸ್ಯಾಹಾರವಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಮಗಳು ಇಂಗ್ಲೆಂಡಿನ ವಿಂಚೆಸ್ಟರ್ ಎಂಬ ಊರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಕಳೆದ ವರ್ಷ ಮೇ ತಿಂಗಳಲ್ಲಿ ನನ್ನನ್ನು ಕರೆಸಿಕೊಂಡಳು. ಹಗಲಿಡೀ ಅವಳು ಕೆಲಸಕ್ಕೆ ಹೋದರೆ ನಾನು ಕಿಟಕಿಯ ಬಳಿ ಕುಳಿತು ಬೀದಿ ನೋಡುವುದು. ಇದನ್ನು ಕಂಡು ಪಕ್ಕದ ಮನೆಯ ವೃದ್ಧರೊಬ್ಬರು, "ಬನ್ನಿ, ನಮ್ಮ ಊರಿನ ದೊಡ್ಡ ಇಗರ್ಜಿ ತೋರಿಸುತ್ತೇನೆ" ಎಂದು ಕರೆದೊಯ್ದರು. ಅವರು ನಿವೃತ್ತರಾಗುವ ತನಕ ಹೊಳೆ ಕಾಯುವ ಕೆಲಸದಲ್ಲಿದ್ದವರು. ಅಂಥದೊಂದು ಉದ್ಯೋಗವಿದೆಯೆಂಬುದೇ ನನಗೆ ಆ ದಿನ ತಿಳಿದದ್ದು. ಹೊಳೆಯೊಳಗಿನ ಜೊಂಡನ್ನು ಹದವರಿತು ಕತ್ತರಿಸುವುದು, ಕುಸಿದ ದಡವನ್ನು ಕಟ್ಟುವುದು, ಮೊಟ್ಟೆಯಿಡುವ ಕಾಲದಲ್ಲಿ ಮೀನಿಗೆ ತೊಂದರೆಯಾಗದಂತೆ ನೋಡುವುದು, ಇದೇ ಅವರ ನಲವತ್ತು ವರ್ಷದ ದುಡಿಮೆ.

ವಿಂಚೆಸ್ಟರಿನ ಇಗರ್ಜಿ ಬಹು ಪುರಾತನವಾದದ್ದು. ಹಳೆಯ ಅರಸರ ಎಲುಬುಗಳನ್ನು ಪೆಟ್ಟಿಗೆಗಳಲ್ಲಿಟ್ಟು ಎತ್ತರದಲ್ಲಿ ಸಾಲಾಗಿ ಇರಿಸಿದ್ದಾರೆ. ಕಾದಂಬರಿಕಾರ್ತಿ ಜೇನ್ ಆಸ್ಟೆನ್ ೧೮೧೭ರಿಂದ ಅಲ್ಲಿಯೇ ಮಲಗಿದ್ದಾಳೆ. ನಾನು ಆ ಕಲ್ಲಿನ ಮುಂದೆ ನಿಂತು ಮೇಷ್ಟರ ಗಾಂಭೀರ್ಯದಿಂದ ಓದುತ್ತಿದ್ದೆನು. ಹೊಳೆಯವರಿಗೆ ಅದೊಂದೂ ಬೇಕಾಗಿರಲಿಲ್ಲ. ನನ್ನ ತೋಳು ಹಿಡಿದು ಬದಿಯ ಒಂದು ಚಿಕ್ಕ ಪ್ರಾರ್ಥನಾಮಂದಿರಕ್ಕೆ ಕರೆದುಕೊಂಡು ಹೋಗಿ, ನೆಲದ ಕಪ್ಪು ಚಪ್ಪಡಿಯೊಂದರ ಮುಂದೆ ಟೊಪ್ಪಿ ತೆಗೆದು ನಿಂತರು. ಐಸಾಕ್ ವಾಲ್ಟನ್ ಎಂಬವನ ಸಮಾಧಿ. ಲಂಡನ್ನಿನಲ್ಲಿ ಬಟ್ಟೆಯ ವ್ಯಾಪಾರ ಮಾಡಿಕೊಂಡಿದ್ದ ಈತ ೧೬೫೩ರಲ್ಲಿ ಗಾಳ ಹಾಕುವುದರ ಬಗ್ಗೆ ಒಂದು ಪುಸ್ತಕ ಬರೆದನು. ತೊಂಬತ್ತು ವರ್ಷ ಬದುಕಿ ೧೬೮೩ರಲ್ಲಿ ಈ ಊರಿನಲ್ಲಿ ತೀರಿಕೊಂಡನು. ಮೇಲೆ ಬಣ್ಣದ ಗಾಜಿನ ಕಿಟಕಿ. ಅದರಲ್ಲಿ ವಾಲ್ಟನ್ ಹೊಳೆಯ ಬದಿಯಲ್ಲಿ ಕುಳಿತಿದ್ದಾನೆ. ಇಂಗ್ಲೆಂಡಿನ ಮತ್ತು ಅಮೆರಿಕದ ಗಾಳದವರು ಹಣ ಕೂಡಿಸಿ ೧೯೧೪ರಲ್ಲಿ ಅದನ್ನು ಮಾಡಿಸಿದರಂತೆ.

ಮೀನಿನ ಪುಸ್ತಕ ಬರೆದವನಿಗೆ ಅರಸರ ಸಾಲಿನಲ್ಲಿ ಜಾಗ! ನನ್ನ ಮುಖದಲ್ಲಿ ಅಚ್ಚರಿ ಕಂಡಿರಬೇಕು. "ನೀವು ಯಾವ ಊರಿನವರು?" ಎಂದು ಅವರು ಕೇಳಿದರು. ಕಾಸರಗೋಡು ಎಂದರೆ ತಿಳಿಯಲಾರದೆಂದು, "ಮಂಗಳೂರಿನ ತೆಂಕಣ ಸೀಮೆ" ಎಂದೆನು. "ಮಂಗಳೂರೇ? ಹಾಗಾದರೆ ಥಾಮಸ್ ನಿಮ್ಮವನು" ಎಂದು ಅವರು ನನ್ನ ಕೈ ಕುಲುಕಿದರು.

ನನಗೆ ತಲೆಬುಡ ಹತ್ತಲಿಲ್ಲ. ಆ ಸಂಜೆ ತಮ್ಮ ಕಪಾಟಿನಿಂದ ಹಳೆಯ ಪುಸ್ತಕವೊಂದನ್ನು ತೆಗೆದು ತೋರಿಸಿದಾಗ ಅರ್ಥವಾಯಿತು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಎಂಬಾತ ಭಾರತದ ನದಿಗಳಲ್ಲಿ ಗಾಳ ಹಾಕುವ ಬಗೆಯನ್ನು ಕುರಿತು 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥ ಬರೆದನು. ಅದು ಮೊದಲು ಅಚ್ಚಾದದ್ದು ೧೮೭೩ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ! ಕಿಟೆಲರ ನಿಘಂಟು ೧೮೯೪ರಲ್ಲಿ ಹೊರಬಂದ ಮುದ್ರಣಾಲಯವೂ ಅದೇ ಅಲ್ಲವೆ? ಆ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡೇ ನಾನು ಮೇಷ್ಟರಾದವನು. ಅದರ ಅಣ್ಣನೊಬ್ಬನು ಹೀಗೆ ಪರದೇಶದ ಕಪಾಟಿನಲ್ಲಿ ಮರ್ಯಾದೆಯಿಂದ ಕುಳಿತಿರುವನೆಂದು ನನಗೆ ಗೊತ್ತೇ ಇರಲಿಲ್ಲ. ೧೯೫೬ರ ನವೆಂಬರಿನ ತನಕ ನಮ್ಮ ಕಾಸರಗೋಡೂ ಅದೇ ಜಿಲ್ಲೆಗೆ ಸೇರಿತ್ತು. ನಮ್ಮ ಹೊಳೆಗಳ ಮೀನಿನ ವಿಚಾರವನ್ನು ನನಗಿಂತ ಹೆಚ್ಚು ಈ ವೃದ್ಧರು ಬಲ್ಲವರಾಗಿದ್ದರು.

ನಾನೂ ಸುಮ್ಮನಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆಯೆಂದೂ, ಮೀನಿನ ಜಾತಿ, ಗಾಳ, ಆಹಾರ ಎಲ್ಲವನ್ನೂ ಆತ ಹೇಳಿದ್ದಾನೆಂದೂ, ಇಂಗ್ಲಿಷಿನಲ್ಲಿ ಗಾಳದ ಮೊದಲ ಪುಸ್ತಕ ಅಚ್ಚಾದದ್ದು ೧೪೯೬ರಲ್ಲೆಂದು ನೀವೇ ಹೇಳಿದಿರಲ್ಲ ಎಂದೂ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನು. ಅವರು ಶ್ರದ್ಧೆಯಿಂದ ಕೇಳಿದರು. ಕೊನೆಗೆ, "ನಿಮ್ಮ ದೊರೆ ನೊಣ ಕಟ್ಟುತ್ತಿದ್ದನೇ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನೊಣ ಕಟ್ಟುವುದೆಂದರೇನೆಂದು ಇಲ್ಲಿ ಹೇಳಬೇಕು. ಇಂಗ್ಲಿಷರು ಫ್ಲೈ ಫಿಷಿಂಗ್ ಎನ್ನುವ ಈ ಕಲೆಗೆ ನೊಣಗಾಳವೆಂದು ಹೆಸರಿಡಬಹುದೇನೋ. ನಮ್ಮಲ್ಲಿ ಗಾಳಕ್ಕೆ ಎರೆಹುಳುವನ್ನು ಚುಚ್ಚಿ, ದಾರಕ್ಕೆ ಸೀಸದ ಗುಂಡು ಕಟ್ಟಿ ಎಸೆಯುತ್ತಾರೆ. ಎಸೆಯುವುದು ಸೀಸವನ್ನು, ದಾರ ಅದರ ಬೆನ್ನು ಹತ್ತಿ ಹೋಗುತ್ತದೆ. ಇಲ್ಲಿ ಎರೆಹುಳುವೂ ಇಲ್ಲ, ಸೀಸವೂ ಇಲ್ಲ. ಗೋಧಿಯ ಕಾಳಿನಷ್ಟು ಚಿಕ್ಕ ಕೊಕ್ಕೆಗೆ ರೇಷ್ಮೆದಾರ, ಕೋಳಿಯ ಕತ್ತಿನ ಗರಿ, ಮೊಲದ ರೋಮ ಸುತ್ತಿ ನೀರಹುಳುವಿನ ಆಕಾರ ಕೊಡುತ್ತಾರೆ. ಅದಕ್ಕೆ ತೂಕವೆಂಬುದೇ ಇಲ್ಲ; ಉಸಿರು ಬಿಟ್ಟರೆ ಹಾರೀತು. ಆದ್ದರಿಂದ ದಾರವನ್ನೇ ದಪ್ಪಗೆ, ತೂಕವಾಗಿ ಮಾಡಿರುತ್ತಾರೆ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ತಡೆದು, ಆಮೇಲೆ ಮುಂದಕ್ಕೆ ಬೀಸಿದರೆ ದಾರವು ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಹೋಗಿ ನೊಣವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ. ಆ ತಡೆಯುವ ಒಂದು ಕ್ಷಣದಲ್ಲಿಯೇ ವಿದ್ಯೆಯೆಲ್ಲ ಇರುವುದು. ನಾನು ಹುಲ್ಲುಬಯಲಿನಲ್ಲಿ ಪ್ರಯತ್ನಿಸಿದೆನು. ದಾರವು ನನ್ನ ಕನ್ನಡಕವನ್ನು ಕಿತ್ತುಕೊಂಡು ಹೋಯಿತು.

ಈ ವಿದ್ಯೆ ಬಹಳ ಹಳೆಯದು. ಸುಮಾರು ಕ್ರಿ. ಶ. ೨೦೦ರ ಹೊತ್ತಿಗೆ ಈಲಿಯನ್ ಎಂಬ ರೋಮಿನ ಲೇಖಕ, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಕಟ್ಟಿ ಮೀನು ಹಿಡಿಯುವುದನ್ನು ವರ್ಣಿಸಿದ್ದಾನೆ.

ಮರುದಿನ ನಾವು ಸ್ಟಾಕ್‌ಬ್ರಿಜ್ಜಿಗೆ ಹೋದೆವು. ವಿಂಚೆಸ್ಟರಿಗೆ ಪಡುವಲಾಗಿ ಒಂಬತ್ತು ಮೈಲಿ. ಅಗಲವಾದ ಒಂದೇ ಬೀದಿಯ ಪುಟ್ಟ ಊರು. ಟೆಸ್ಟ್ ಎಂಬ ಹೊಳೆ ಕವಲು ಕವಲಾಗಿ ಒಡೆದು ಆ ಬೀದಿಯ ಅಡಿಯಿಂದಲೇ ಹರಿಯುತ್ತದೆ. ಗಾಳದವರ ಪಾಲಿಗೆ ಇದು ಕಾಶಿ. ೧೮೨೨ರಲ್ಲಿ ಹುಟ್ಟಿದ ಹೌಟನ್ ಕ್ಲಬ್ ಈಗಲೂ ಇಲ್ಲಿದೆ. ಬೆರಳೆಣಿಕೆಯ ಶ್ರೀಮಂತರಷ್ಟೇ ಅದರ ಸದಸ್ಯರು. ಸೇತುವೆಯ ಕಟ್ಟೆಗೆ ಒರಗಿ ಬಗ್ಗಿ ನೋಡಿದರೆ ಟ್ರೌಟ್ ಮೀನುಗಳು ತಲೆಯನ್ನು ಹರಿವಿಗೆ ಒಡ್ಡಿ ಅಲುಗಾಡದೆ ನಿಂತಿರುತ್ತವೆ. ಅಂಗಡಿಗೆ ಬಂದವರು ರೊಟ್ಟಿಯ ಚೂರು ಎಸೆಯುತ್ತಾರೆ. ನನಗೆ ಶೃಂಗೇರಿಯ ತುಂಗೆಯ ಸೋಪಾನವೂ ಶಿಶಿಲದ ಕಪಿಲೆಯೂ ನೆನಪಾದವು. ನೀಲಗಿರಿಯ ವಾಚಕರಿಗೆ ಟ್ರೌಟ್ ಹೊಸದಲ್ಲ. ಅದರ ಅಮೆರಿಕದ ದಾಯಾದಿಯೊಂದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ತಣ್ಣೀರಿನ ತೊರೆಗಳಿಗೆ ತಂದು ಬಿಟ್ಟಿದ್ದರು.

ಈ ಹೊಳೆಯ ನೀರಿನಷ್ಟು ತಿಳಿಯಾದ ನೀರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆ ಸೀಮೆಯ ಗುಡ್ಡಗಳೆಲ್ಲ ಸುಣ್ಣದ ಕಲ್ಲು. ನಾವು ಕರಿಹಲಗೆಯ ಮೇಲೆ ಬರೆಯುತ್ತಿದ್ದ ಸೀಮೆಸುಣ್ಣದ ಜಾತಿ. ಮಳೆಯ ನೀರು ಅದರೊಳಗೆ ಇಂಗಿ, ತಿಂಗಳುಗಟ್ಟಲೆ ಸೋಸಿ, ಒರತೆಯಾಗಿ ಹೊರಬರುತ್ತದೆ. ಚಳಿಗಾಲ ಬೇಸಗೆ ಎನ್ನದೆ ಒರತೆಯಲ್ಲಿ ಸುಮಾರು ಹತ್ತು ಡಿಗ್ರಿಯ ತಂಪು. ಇಂಥ ಹೊಳೆಗಳು ಜಗತ್ತಿನಲ್ಲಿ ಇರುವುದೇ ಇನ್ನೂರು ಚಿಲ್ಲರೆ. ಅವುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲಿ. ಆದರೆ ಅದರ ದಡದ ಒಂದೊಂದು ಗಜಕ್ಕೂ ಒಬ್ಬ ಒಡೆಯನಿದ್ದಾನೆ. ಒಂದು ದಿನ ಗಾಳ ಹಾಕುವುದಕ್ಕೆ ನೂರಾರು ಪೌಂಡು ತೆರಬೇಕಾದ ಜಾಗಗಳಿವೆ ಎಂದು ಕೇಳಿ ನನ್ನ ಉತ್ಸಾಹ ಇಳಿಯಿತು. ನಮ್ಮ ವೃದ್ಧರಿಗೆ ಒಂದಿಷ್ಟು ದಡವನ್ನು ಹಳೆಯ ಧಣಿ ಪ್ರೀತಿಯಿಂದ ಬಿಟ್ಟುಕೊಟ್ಟಿದ್ದನು. ಅಲ್ಲಿಯೇ ಅವರೂ ಅವರ ಐದಾರು ಮಂದಿ ಗೆಳೆಯರೂ ಸೇರುವುದು. ಒಂದು ಹಳೆಯ ಮರದ ಕೊಠಡಿ, ಉದ್ದನೆಯ ಮೇಜು, ಮೇಜಿನ ಮೇಲೆ ಗರಿಯ ಪೆಟ್ಟಿಗೆಗಳು.

ಶನಿವಾರ ಬೆಳಗ್ಗೆ ಊರಿನ ಏಳೆಂಟು ಮಕ್ಕಳು ಅಲ್ಲಿಗೆ ಬಂದರು. ಮೇಷ್ಟರ ಕಣ್ಣು ಎಲ್ಲಿಗೆ ಹೋದರೂ ಮೇಷ್ಟರ ಕಣ್ಣೇ. ನಾನು ಮೂಲೆಯಲ್ಲಿ ಕುಳಿತು ಪಾಠ ನೋಡಿದೆನು. ವೃದ್ಧರು ಗಾಳವನ್ನು ಮುಟ್ಟಲೇ ಇಲ್ಲ. ಮಕ್ಕಳನ್ನು ಮೊಣಕಾಲುದ್ದ ನೀರಿಗಿಳಿಸಿ ಒಂದೊಂದು ಕಲ್ಲನ್ನು ಮಗುಚಲು ಹೇಳಿದರು. ಕಲ್ಲಿನ ಅಡಿಯಲ್ಲಿ ಅಂಟಿಕೊಂಡ ಹುಳುಗಳನ್ನು ಬಿಳಿಯ ತಟ್ಟೆಯಲ್ಲಿ ಹಾಕಿ, ಬಾಲದ ಎಳೆ ಎಷ್ಟು, ಕಿವಿರು ಎಲ್ಲಿ, ಈಜುವುದು ಹೇಗೆ ಎಂದು ಕೇಳಿದರು. ತಪ್ಪು ಹೇಳಿದವನಿಗೆ "ಇನ್ನೊಮ್ಮೆ ನೋಡು" ಎಂದಷ್ಟೇ ಉತ್ತರ. ಒಂದು ಗಂಟೆ ಕಳೆದ ಮೇಲೆ ಮೇಜಿನ ಬಳಿ ಕುಳ್ಳಿರಿಸಿ, ಕಂಡ ಹುಳುವನ್ನೇ ಕಟ್ಟಲು ಹೇಳಿದರು. ಹನ್ನೊಂದು ವರ್ಷದ ಒಬ್ಬ ಹುಡುಗ ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ದಾರ ಸುತ್ತುತ್ತಿದ್ದ ಭಂಗಿ ನನಗೆ ಎಲ್ಲಿಯೋ ನೋಡಿದ್ದೆನಿಸಿತು.

ಮೇಜಿನ ಮೇಲಿದ್ದ ಒಂದು ತಗಡಿನ ಡಬ್ಬಿಯನ್ನು ನನಗಾಗಿ ತೆರೆದರು. ಅದರಲ್ಲಿ ಅವರ ಅಜ್ಜನ ಕಾಲದ ದೊಡ್ಡ ನೊಣಗಳಿದ್ದವು. ಸಾಲ್ಮನ್ ಮೀನಿಗೆ ಕಟ್ಟಿದವು. ಪ್ರತಿಯೊಂದರ ಕೆನ್ನೆಯ ಮೇಲೆಯೂ ಅರಗು ಬಿದ್ದಂತೆ ಮಿರುಗುವ ಹಳದಿ ಬಿಳುಪಿನ ಒಂದು ಬೊಟ್ಟು. ನಾನು ಕೂಡಲೇ ಗುರುತಿಸಿದೆನು: ನಮ್ಮ ಕಾಡುಕೋಳಿ! ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಬೆಳಗಿನ ಜಾವ ಕೂಗುವ ಬೂದುಬಣ್ಣದ ಹುಂಜದ ಕತ್ತಿನ ಗರಿಯದು. ಒಂದು ಕಾಲದಲ್ಲಿ ಈ ಗರಿಗಾಗಿಯೇ ಲೆಕ್ಕವಿಲ್ಲದಷ್ಟು ಕೋಳಿಗಳನ್ನು ಕೊಂದು ಯೂರೋಪಿಗೆ ಕಳುಹಿಸುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಿಂದ ಆ ಹಕ್ಕಿಗೆ ರಕ್ಷಣೆ ದೊರೆಯಿತು. "ನಿಮ್ಮ ಕಾಡಿನ ಸಾಲ ಇದು" ಎಂದು ಅವರು ಡಬ್ಬಿ ಮುಚ್ಚಿದರು.

ಗಾಳದವರು ಶಾಂತಸ್ವಭಾವದವರೆಂದು ನಂಬಿದ್ದೆನು. ಮಧ್ಯಾಹ್ನ ಚಹಾದ ಹೊತ್ತಿಗೆ ಆ ನಂಬಿಕೆ ಹಾರಿಹೋಯಿತು. ಇಬ್ಬರು ಗೆಳೆಯರ ನಡುವೆ ಹ್ಯಾಲ್‌ಫರ್ಡ್ ದೊಡ್ಡವನೋ ಸ್ಕ್ಯೂಸ್ ದೊಡ್ಡವನೋ ಎಂಬ ವಾಗ್ವಾದ ಎದ್ದಿತು. ಹ್ಯಾಲ್‌ಫರ್ಡ್ ೧೮೮೬ರಲ್ಲಿ ತೇಲುವ ನೊಣಗಳ ಬಗ್ಗೆ ಪುಸ್ತಕ ಬರೆದವನು. ಮೀನು ಮೇಲೆದ್ದು ಹುಳು ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆಯೇ, ನೀರಿನ ಮೇಲೆ ತೇಲುವ ಒಣ ನೊಣವನ್ನೇ ಹಾಕಬೇಕೆಂಬುದು ಅವನ ಮತ. ಶಿಷ್ಯರು ಅದನ್ನು ಶಾಸ್ತ್ರ ಮಾಡಿದರು. ವಿಂಚೆಸ್ಟರಿನಲ್ಲೇ ಓದಿದ ಸ್ಕ್ಯೂಸ್ ಎಂಬ ವಕೀಲ ಮೀನಿನ ಹೊಟ್ಟೆಯೊಳಗಿನದನ್ನು ಪರೀಕ್ಷಿಸಿ ನೋಡಿ, ಅದು ತಿನ್ನುವುದರಲ್ಲಿ ಹೆಚ್ಚಿನದು ನೀರಿನೊಳಗಿನ ಮರಿಹುಳುವೇ ಎಂದು ೧೯೧೦ರಲ್ಲಿ ಬರೆದನು. ಮುಳುಗುವ ನೊಣ ಹಾಕುವುದು ಅಧರ್ಮವೋ ಧರ್ಮವೋ ಎಂದು ೧೯೩೮ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಸಭೆ ಸೇರಿ ಚರ್ಚಿಸಿದರಂತೆ. ಸ್ಕ್ಯೂಸನಿಗೆ ಆಗ ಎಂಬತ್ತರ ಹತ್ತಿರ. ಅರ್ಧ ಶತಮಾನ ಗಾಳ ಹಾಕಿದ ದಡವನ್ನು ಅದೇ ವರ್ಷ ಬಿಟ್ಟುಹೋದನು. ಅರ್ಧಾನುಸ್ವಾರಕ್ಕೂ ಶಕಟರೇಫಕ್ಕೂ ಕಾದಾಡಿದ ಪಂಡಿತರನ್ನು ಕಂಡವನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ತೋರಲಿಲ್ಲ.

ಇನ್ನೊಂದು ಪ್ರಶ್ನೆ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಇವರು ಹಿಡಿದ ಮೀನನ್ನು ತಿನ್ನುವುದಿಲ್ಲ. ಕೊಕ್ಕೆ ಬಿಡಿಸಿ, ನೀರಿನಲ್ಲಿಯೇ ಹಿಡಿದು, ಉಸಿರು ಚೇತರಿಸಿಕೊಂಡ ಮೇಲೆ ಬಿಟ್ಟುಬಿಡುತ್ತಾರೆ. ಹಸಿದವನು ಹಿಡಿದು ತಿಂದರೆ ಅದಕ್ಕೊಂದು ನ್ಯಾಯವುಂಟು. ಬಿಡುವುದಾದರೆ ಚುಚ್ಚುವುದೇತಕ್ಕೆ? ಅಳುಕುತ್ತಲೇ ಕೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಕೆಲವು ದಿನ ಗಾಳ ಹಾಕದೆ ನೋಡಿಕೊಂಡೇ ಮನೆಗೆ ಹೋಗುತ್ತೇನೆ. ಕೆಲವು ದಿನ ಆಗುವುದಿಲ್ಲ" ಎಂದರು. ನನಗೆ ಸಮಾಧಾನವಾಗಲಿಲ್ಲ, ಆದರೆ ಸುಳ್ಳು ಹೇಳಲಿಲ್ಲವೆಂದು ಗೌರವವಾಯಿತು.

ಅಂದು ಸಂಜೆ ಆರರ ಮೇಲೆ ಮೇ ನೊಣಗಳು ಎದ್ದವು. ಈ ಹುಳು ಒಂದೆರಡು ವರ್ಷ ಹೊಳೆಯ ಕೆಸರಿನೊಳಗೆ ಹೂತುಕೊಂಡಿದ್ದು, ಮೇ ಕೊನೆಯ ಒಂದು ದಿನ ಮೇಲೇರಿ ಬಂದು, ನೀರಿನ ಮೇಲೆಯೇ ಸಿಪ್ಪೆ ಬಿಟ್ಟು ಹಾರುತ್ತದೆ. ಮರದ ಎಲೆಯ ಅಡಿಯಲ್ಲಿ ಕುಳಿತು ರೆಕ್ಕೆ ಸಮೇತ ಮತ್ತೊಮ್ಮೆ ಪೊರೆ ಬಿಡುತ್ತದೆ. ರೆಕ್ಕೆ ಬಂದ ಮೇಲೆ ಪೊರೆ ಬಿಡುವ ಕೀಟ ಬೇರೆ ಇಲ್ಲ. ಅದಕ್ಕೆ ತಿನ್ನುವ ಬಾಯಿಯೂ ಇಲ್ಲ. ಕೂಡಿ, ನೀರಿಗೆ ಮೊಟ್ಟೆ ಸುರಿದು, ರೆಕ್ಕೆ ಚಾಚಿ ಬಿದ್ದು ಹೋಗುತ್ತದೆ. ಅಷ್ಟು ದೀರ್ಘವಾದ ಕತ್ತಲೆಗೆ ಇಷ್ಟೇ ಬೆಳಕು. ಹೊಳೆಯ ಮೇಲೆಲ್ಲ ಅವು ಏಳುತ್ತ ಇಳಿಯುತ್ತ ಕುಣಿಯುತ್ತಿದ್ದವು. ನಮ್ಮಲ್ಲಿ ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲಿನ ಹಾಗೆ.

ಎದುರು ದಡದ ಮರದ ನೆರಳಿನಲ್ಲಿ ದೊಡ್ಡ ಮೀನೊಂದು ಇತ್ತು. ವೃದ್ಧರು ಹುಲ್ಲಿನಲ್ಲಿ ಮಂಡಿಯೂರಿದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಕೋಲು ಎತ್ತಲಿಲ್ಲ. ಚಳಿ ಏರುತ್ತಿತ್ತು. ಮಗಳು ಕಾಯುತ್ತಿರುವಳೆಂದು ನೆನಪಾಗಿ, "ಹೊರಡೋಣವೇ?" ಎಂದೆನು. ಅವರು ತಿರುಗಿ ನೋಡದೆ ಕೈ ಎತ್ತಿ ಪಿಸುಗುಟ್ಟಿದರು: "ಒಂದು ಗಳಿಗೆ ನಿಲ್ಲಿ. ಈಗ ಅದು ಏರುವ ಹೊತ್ತು."

ನನಗೆ ಮೈಯಲ್ಲಿ ಚಳುಕು ಹಾಯ್ದಂತಾಯಿತು. ಈ ಮಾತನ್ನು ನಾನು ಮೊದಲೂ ಕೇಳಿದ್ದೆನು.

೧೯೯೧ರ ಜೂನ್ ತಿಂಗಳು. ಶಾಲೆ ತೆರೆದು ಆರನೆಯ ದಿನ. ಕೇರಳದಲ್ಲಿ ಮೇಷ್ಟರಾದವರಿಗೆ ಆ ದಿನದ ಮಹತ್ವ ಹೇಳಬೇಕಾದ್ದಿಲ್ಲ. ಅಂದಿನ ತಲೆಯೆಣಿಕೆಯಲ್ಲಿ ಮಕ್ಕಳು ಕಡಿಮೆಯಾದರೆ ಒಂದು ಡಿವಿಷನ್ ಹೋಯಿತು, ಒಬ್ಬ ಮೇಷ್ಟರ ಹುದ್ದೆ ಹೋಯಿತು, ಕನ್ನಡ ವಿಭಾಗದ ಒಂದು ಕೊಠಡಿಗೆ ಬೀಗ ಬಿದ್ದಿತು. ನಮ್ಮ ಏಳನೆಯ ತರಗತಿಯಲ್ಲಿ ಲೆಕ್ಕಕ್ಕೆ ಒಂದು ತಲೆ ಕಡಿಮೆಯಿತ್ತು. ಎಲ್ಲಿದ್ದಾನೆಂದು ಎಲ್ಲರಿಗೂ ಗೊತ್ತು. ಮೊದಲ ಮಳೆಗೆ ಹೊಳೆ ಕೆಂಪಾಗಿ ಏರಿದಾಗ ಹತ್ತುಮೀನು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಬರುತ್ತದೆ. ಆ ಹುಡುಗ ಅಂಥ ದಿನ ಶಾಲೆಯಲ್ಲಿ ಇದ್ದದ್ದೇ ಇಲ್ಲ. ಕೊಡೆ ಹಿಡಿದು ಹೊಳೆಗೆ ಓಡಿದೆನು. ಬಂಡೆಯ ಮೇಲೆ ಕೆಸುವಿನೆಲೆಯನ್ನು ತಲೆಗೆ ಹಿಡಿದು, ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ನೀರನ್ನೇ ನೋಡುತ್ತ ಕುಕ್ಕರಗಾಲಿನಲ್ಲಿ ಕುಳಿತಿದ್ದನು. ಕರೆದೆನು. "ಮಾಷ್ಟ್ರೇ, ಒಂದು ಗಳಿಗೆ ನಿಲ್ಲಿ. ಈಗ ಹತ್ತುವ ಹೊತ್ತು" ಎಂದನು.

ಕೋಲನ್ನು ಅವನ ಕೈಯಿಂದ ಕಸಿದು, ಮೊಣಕಾಲಿಗೆ ಒತ್ತಿ ಮುರಿದು, ಎರಡು ತುಂಡನ್ನೂ ಹೊಳೆಗೆಸೆದೆನು. ಅವನು ಅಳಲಿಲ್ಲ. ಒದ್ದೆ ಚಡ್ಡಿಯಲ್ಲಿಯೇ ನನ್ನ ಹಿಂದೆ ಬಂದು, ಎಣಿಕೆಯವರ ಮುಂದೆ ಎದ್ದು ನಿಂತು ಹಾಜರಿ ಹೇಳಿದನು. ಡಿವಿಷನ್ ಉಳಿಯಿತು. ಮುಖ್ಯೋಪಾಧ್ಯಾಯರು ನನ್ನ ಬೆನ್ನು ತಟ್ಟಿದರು. ಓಣಂ ರಜೆ ಮುಗಿದ ಮೇಲೆ ಆ ಹುಡುಗ ಮತ್ತೆ ಬರಲಿಲ್ಲ. ನಾನೂ ಮನೆಗೆ ಹೋಗಿ ವಿಚಾರಿಸಲಿಲ್ಲ. ಆ ವರ್ಷದ ಮಟ್ಟಿಗೆ ಅವನ ತಲೆಯಿಂದ ಆಗಬೇಕಾದ ಕೆಲಸ ಆಗಿತ್ತು.

ಟೆಸ್ಟ್ ಹೊಳೆಯ ಮೀನು ಅಷ್ಟರಲ್ಲಿ ಎದ್ದಿತು. ವೃದ್ಧರು ಹಿಡಿದರೋ ತಪ್ಪಿತೋ ನಾನು ನೋಡಲಿಲ್ಲ.

ಹೊರಡುವ ದಿನ ಅವರು ತಾವೇ ಕಟ್ಟಿದ ಮೇ ನೊಣವೊಂದನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಊರಿಗೆ ಬಂದು ವಾರವಾಗಿತ್ತು. ಮಳೆ ಹಿಡಿದಿತ್ತು. ಆ ಹುಡುಗನ ಮನೆ ಹುಡುಕುವುದು ಕಷ್ಟವಾಗಲಿಲ್ಲ; ಮೂರು ಮೈಲಿಯ ದೂರ, ಅಷ್ಟೆ. ಈಗ ಅವನು ಕೆಂಪುಕಲ್ಲು ಕಟ್ಟುವ ಮೇಸ್ತ್ರಿ. ಕಿವಿಯ ಬಳಿ ನರೆ ಬಂದಿದೆ. "ಓ, ಮಾಷ್ಟ್ರು! ಬನ್ನಿ, ಒಳಗೆ ಬನ್ನಿ" ಎಂದು ಕುರ್ಚಿ ಒರಸಿದನು. ಬಾಗಿಲ ಮೇಲೆ ಸೂರಿಗೆ ಸಿಕ್ಕಿಸಿದ್ದ ನಾಲ್ಕು ಬಿದಿರಕೋಲುಗಳನ್ನು ನಾನು ಈ ಸಲ ನೋಡಿದೆನು.

ಬೆಂಕಿಪೆಟ್ಟಿಗೆ ತೆರೆದು ಕೊಟ್ಟೆನು. ಅಂಗೈಯ ಮೇಲಿಟ್ಟು, ಉಗುರಿನಿಂದ ಗರಿಯನ್ನು ಬಿಡಿಸಿ ನೋಡಿ, ಮಗನಿಂದ ಒಂದು ಲೋಟ ನೀರು ತರಿಸಿ ಅದರಲ್ಲಿ ಬಿಟ್ಟನು. ನೊಣ ತೇಲಿತು. ಅಪ್ಪನೂ ಮಗನೂ ತಲೆ ಬಗ್ಗಿಸಿ ಬಹಳ ಹೊತ್ತು ನೋಡಿದರು.

"ಒಳ್ಳೆ ಕೆಲಸ ಮಾಷ್ಟ್ರೇ. ಆದರೆ ಇದು ಮೇಲೆ ಬಂದ ಹುಳು. ನಮ್ಮ ಮೀನು ಹೆಚ್ಚಾಗಿ ತಿನ್ನುವುದು ಅದು ಕೆಳಗೆ ಇರುವಾಗಲೇ" ಎಂದನು.

ಇದೇ ಮಾತಿಗಾಗಿ ಲಂಡನ್ನಿನಲ್ಲಿ ಸಭೆ ಸೇರಿದ್ದರೆಂದು ಹೇಳಿದೆನು. ನಕ್ಕನು. ಆಮೇಲೆ ನಾನು, "ಅವತ್ತು ಆ ಕೋಲು..." ಎಂದು ತೊಡಗಿದೆನು, ಮುಂದಿನ ಮಾತು ಬರಲಿಲ್ಲ.

"ಅದು ಮೊದಲೇ ಸೀಳು ಬಿಟ್ಟ ಬಿದಿರು, ಮಾಷ್ಟ್ರೇ. ಹೇಗೂ ಮುರಿಯುತ್ತಿತ್ತು."

ಅದು ಸೀಳಿರಲಿಲ್ಲವೆಂದು ನನ್ನ ಮೊಣಕಾಲಿಗೆ ಗೊತ್ತು. ಒಳಗಿನಿಂದ ಅವನ ಹೆಂಡತಿ ಚಹಾ ತಂದಿಟ್ಟಳು. ಹುಡುಗ ಲೋಟದ ನೀರನ್ನು ಬೆರಳಿನಿಂದ ಸುತ್ತು ತಿರುಗಿಸಿ, ನೊಣ ಸುಳಿಯಲ್ಲಿ ಹೇಗೆ ಹೋಗುತ್ತದೆಂದು ನೋಡುತ್ತಿದ್ದನು. ನಾನು ಏಳುವಾಗ ಮೇಸ್ತ್ರಿ ಬಾಗಿಲಿಗೆ ಬಂದು ಆಕಾಶ ನೋಡಿದನು.

"ಘಟ್ಟದಲ್ಲಿ ಜೋರು ಮಳೆ. ನಾಳೆ ಹೊಳೆ ಏರುತ್ತದೆ. ಮಾಷ್ಟ್ರಿಗೆ ಬಿಡುವುಂಟೋ? ಆರು ಗಂಟೆಗೆ ಬಂಡೆಯ ಹತ್ತಿರ ಇರುತ್ತೇವೆ."

ನಾನು ಐದೂವರೆಗೇ ಹೋದೆನು.